ಹಾರೈಕೆ ಮತ್ತು ಹೊತ್ತು: ಕನ್ನಡದ ಮೂಲಕ ಜಪಾನಿ ವ್ಯಾಕರಣ

ಜಪಾನಿ ಭಾಷೆಯಲ್ಲಿ ಒಂದು ಕೆಲಸ ಯಾವಾಗ ನಡೆಯಿತೆಂದು ಹೇಳಲು ‘ತೊಕಿ’, ‘ಮಎ’, ‘ಅತೊ’ ಎಂಬ ಪದಗಳಿವೆ. ಆಸೆ, ಹಾರೈಕೆಗಳಿಗೆ ‘-ತೈ’, ‘-ತರ ಈ’ ಮುಂತಾದ ರೂಪಗಳಿವೆ. ಇವನ್ನು ಇಂಗ್ಲಿಷ್ ವಿವರಣೆಯಿಂದ ಕಲಿಯುವುದು ಕನ್ನಡಿಗರಿಗೆ ಸುತ್ತುದಾರಿ. ‘ತೊಕಿ’ ಎಂದರೆ ಹೊತ್ತು. ಅದರ ಹಿಂದಿನ ಕ್ರಿಯಾಪದದ ಕಾಲ ವಾಕ್ಯದ ಕೊನೆಯ ಕ್ರಿಯೆಯ ಕಾಲವನ್ನು ಅನುಸರಿಸುವುದಿಲ್ಲ. ‘ಇಕು ತೊಕಿ’ (ಹೋಗುವ ಹೊತ್ತು) ಚೀಲ ಕೊಂಡೆ ಎಂದರೆ ಊರು ಮುಟ್ಟುವ ಮೊದಲೇ ಕೊಂಡದ್ದು. ‘ಇತ್ತ ತೊಕಿ’ (ಹೋದ ಹೊತ್ತು) ಎಂದರೆ ಮುಟ್ಟಿದ ಮೇಲೆ. ಇಂಗ್ಲಿಷಿನ ಮೂಲಕ ಬಂದವರು ತಡವರಿಸುವ ಜಾಗವಿದು. ಬಾದಾಮಿ ತಾಲ್ಲೂಕಿನ ಕೆರೂರ ಸೀಮೆಯ ಮಾತಿನಲ್ಲಿ ಇದೇ ವ್ಯತ್ಯಾಸ ದಿನಬಳಕೆಯದು: ‘ಕೆರೂರಿಗೆ ಹೋಗೂಮುಂದ ಚೀಲ ತಗೊಂಡೆ’ ಎಂದರೆ ಚೀಲ ದಾರಿಯಲ್ಲಿ ಸಿಕ್ಕಿತು, ‘ಹೋದಾಗ ತಗೊಂಡೆ’ ಎಂದರೆ ಕೆರೂರಿನಲ್ಲೇ ಸಿಕ್ಕಿತು. ‘ಮೊದಲು’ ಎನ್ನುವ ‘ಮಎ’ಯ ಹಿಂದೆ ಎಂದಿಗೂ ಭೂತಕಾಲ ಬರುವುದಿಲ್ಲ, ‘ಆಮೇಲೆ’ ಎನ್ನುವ ‘ಅತೊ’ದ ಹಿಂದೆ ಭೂತಕಾಲವೇ ಬರಬೇಕು. ‘ಹೋಗುವ ಮೊದಲು’, ‘ಹೋದ ಮೇಲೆ’ ಎನ್ನುವ ಕನ್ನಡಕ್ಕೂ ಅದೇ ಕಟ್ಟು.

ಹಾರೈಕೆಯಲ್ಲಿ ಹೋಲಿಕೆ ಇನ್ನೂ ಆಳಕ್ಕೆ ಇಳಿಯುತ್ತದೆ. ಮಳೆಯನ್ನೇ ನಂಬಿದ ಒಣಬೇಸಾಯದ ಈ ಸೀಮೆಯಲ್ಲಿ ‘ಮಳಿ ಬಂದ್ರ ಚಲೋ’ ಎನ್ನುವುದಕ್ಕಿಂತ ಸಹಜವಾದ ಹಾರೈಕೆ ಯಾವುದಿದೆ? ಜಪಾನಿಯಲ್ಲಿ ಅದು ‘ಅಮೆ ಗ ಫುತ್ತರ ಈ’: ಅಮೆ ಮಳೆ, ಈ ಚಲೋ. ‘ಫುತ್ತ’ ಎಂಬ ಭೂತರೂಪಕ್ಕೆ ‘-ರ’ ಸೇರಿ ‘ಫುತ್ತರ’ ಆಗಿದೆ. ಕನ್ನಡದ ‘ಬಂದರೆ’ಯೂ ನಿಂತಿರುವುದು ‘ಬಂದ್-’ ಎಂಬ ಭೂತರೂಪದ ಮೇಲೆ. ಇನ್ನು ‘ಇಕಿತೈ’ ಎಂದರೆ ‘ಹೋಗಬೇಕು’ ಎಂಬ ನನ್ನ ಆಸೆ. ಬೇರೆಯವರ ಮನಸ್ಸನ್ನು ಹಾಗೆ ನೇರವಾಗಿ ಹೇಳುವುದು ಜಪಾನಿಯರಿಗೆ ಒಗ್ಗದು. ‘ಇಕಿತೈ ಸೋ ದ’ ಎನ್ನುತ್ತಾರೆ. ನಮ್ಮ ‘ಹೋಗಬೇಕಂತೆ’ಯ ‘ಅಂತೆ’ ಮಾಡುವ ಕೆಲಸವೂ ಇದೇ.

ಇಷ್ಟು ಹೋಲಿಕೆಯಿಂದ ಎರಡು ಭಾಷೆಗಳೂ ಒಂದೇ ಕುಲದವೆಂದು ಹೇಳಬಹುದೇ? ಜಪಾನಿನ ಭಾಷಾವಿಜ್ಞಾನಿ ಸುಸುಮು ಓನೊ (1919–2008) ಜಪಾನಿಗೆ ಕನ್ನಡದ ಸೋದರಭಾಷೆಯಾದ ತಮಿಳಿನೊಂದಿಗೆ ನಂಟು ಕಟ್ಟಲು ಯತ್ನಿಸಿದರು. ಬಹುಪಾಲು ಭಾಷಾವಿಜ್ಞಾನಿಗಳು ಅದನ್ನು ಒಪ್ಪಿಲ್ಲ. ಕಲಿಯುವವನಿಗೆ ರಕ್ತಸಂಬಂಧ ಬೇಕಿಲ್ಲ, ವಾಕ್ಯದ ಹಂದರ ಒಂದೇ ಆಗಿದ್ದರೆ ಸಾಕು. ಮಾತೃಭಾಷೆಯ ಮೇಲೆ ಒರಗಿದರೆ ತಪ್ಪು ಹುಟ್ಟುತ್ತದೆ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ‘ನಾನು ಹೋಗಬೇಕು’ ಎನ್ನುವಲ್ಲಿ ಆಸೆಯೂ ಇರಬಹುದು, ಕಟ್ಟುಪಾಡೂ ಇರಬಹುದು; ಜಪಾನಿಯಲ್ಲಿ ಆಸೆಗೆ ‘ಇಕಿತೈ’, ಕಟ್ಟುಪಾಡಿಗೆ ‘ಇಕನಕೆರೆಬ ನರನೈ’. ಆದರೆ ಇಂಥ ತಪ್ಪು ಬೆರಳೆಣಿಕೆಯದು, ಎಲ್ಲಿ ಬರುತ್ತದೆಂದು ಮೊದಲೇ ತೋರಿಸಿಕೊಡಬಹುದು. ಮುಖ್ಯವಾಗಿ ಎಚ್ಚರ ಬೇಕಾದದ್ದು ‘-ತರ’ದಲ್ಲಿ. ‘ಉಚಿ ನಿ ಕಎತ್ತರ’ ಫೋನ್ ಮಾಡುತ್ತೇನೆ ಎಂದವನು ಮನೆ ಮುಟ್ಟುವುದು ಖಚಿತ. ಅದನ್ನು ‘ಮನೆಗೆ ಹೋದರೆ’ ಎಂದು ಕನ್ನಡಿಸಿದರೆ ಅವನು ಹೋಗುವುದೇ ಅನುಮಾನವಾಗುತ್ತದೆ; ಅಲ್ಲಿ ‘ಹೋದ ಮೇಲೆ’ ಎಂದೇ ಓದಬೇಕು.