ಶಾಲಾ ಸಿಬ್ಬಂದಿಯ ಗಣಕಜಾಲ ಮತ್ತು ಅಂತರಜಾಲ ಬಳಕೆಯ ನಿಯಮಗಳು (ಕರ್ನಾಟಕ)

ಶಾಲಾ ಸಿಬ್ಬಂದಿಯ ಗಣಕಜಾಲ ಮತ್ತು ಅಂತರಜಾಲ ಬಳಕೆಯ ನಿಯಮಗಳು ಎಂದರೆ ಶಾಲೆಯ ಶಿಕ್ಷಕರು, ಮುಖ್ಯೋಪಾಧ್ಯಾಯರು, ಕಚೇರಿ ನೌಕರರು ಹಾಗೂ ಇತರ ಕೆಲಸಗಾರರು ಶಾಲೆಯ ಕಂಪ್ಯೂಟರ್, ಅಂತರಜಾಲ ಸಂಪರ್ಕ, ಇ-ಮೇಲ್, ಸರ್ಕಾರಿ ತಂತ್ರಾಂಶಗಳು ಮತ್ತು ಕರ್ತವ್ಯಕ್ಕೆ ಸಂಬಂಧಿಸಿದಂತೆ ತಮ್ಮ ಮೊಬೈಲ್‌ಗಳನ್ನು ಹೇಗೆ ಬಳಸಬೇಕು, ಹೇಗೆ ಬಳಸಬಾರದು ಎಂಬುದನ್ನು ನಿರ್ಧರಿಸುವ ಕಟ್ಟಳೆಗಳ ಸಮೂಹ. ಅಮೆರಿಕ, ಬ್ರಿಟನ್ ಮೊದಲಾದ ದೇಶಗಳಲ್ಲಿ ಇವು ಸಿಬ್ಬಂದಿ ಸಹಿ ಹಾಕುವ ಒಂದೇ ದಸ್ತಾವೇಜಿನಲ್ಲಿ ಇರುವುದು ರೂಢಿ. ಕರ್ನಾಟಕದಲ್ಲಿ ಅವು ಕೇಂದ್ರದ ಕಾನೂನುಗಳು, ರಾಜ್ಯದ ನಡತೆ ನಿಯಮಗಳು, ಶಿಕ್ಷಣ ಇಲಾಖೆಯ ಸುತ್ತೋಲೆಗಳು, ಪರೀಕ್ಷಾ ಮಾರ್ಗಸೂಚಿಗಳು ಮತ್ತು ಖಾಸಗಿ ಆಡಳಿತ ಮಂಡಳಿಗಳ ಸೇವಾ ಷರತ್ತುಗಳಲ್ಲಿ ಚದುರಿಹೋಗಿವೆ. ಆದ್ದರಿಂದ ಶಿಕ್ಷಕರೊಬ್ಬರಿಗೆ ಯಾವ ನಿಯಮ ಅನ್ವಯಿಸುತ್ತದೆ ಎಂಬುದು ಅವರು ಏನು ಮಾಡಿದರು ಎಂಬುದರ ಜೊತೆಗೆ ಯಾವ ಬಗೆಯ ಶಾಲೆಯಲ್ಲಿ ಕೆಲಸ ಮಾಡುತ್ತಾರೆ ಎಂಬುದನ್ನೂ ಅವಲಂಬಿಸಿದೆ.

ಬೆಂಗಳೂರು ದಕ್ಷಿಣ ತಾಲ್ಲೂಕಿನ ಹೋಬಳಿ ಕೇಂದ್ರವಾಗಿದ್ದು ಈಗ ನಗರದೊಳಗೆ ಸೇರಿಹೋಗಿರುವ ಉತ್ತರಹಳ್ಳಿಯಂತಹ ಪ್ರದೇಶದಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಸರ್ಕಾರಿ ಶಾಲೆಗಳು, ರಾಜ್ಯ ಪಠ್ಯಕ್ರಮದ ಖಾಸಗಿ ಶಾಲೆಗಳು ಮತ್ತು ಕೇಂದ್ರ ಪಠ್ಯಕ್ರಮದ ಶಾಲೆಗಳು ಇಲ್ಲಿ ಒಂದರ ಪಕ್ಕದಲ್ಲೊಂದು ನಡೆಯುತ್ತವೆ. ಒಂದೇ ಬಗೆಯ ಸಂದೇಶವನ್ನು ವಾಟ್ಸ್‌ಆ್ಯಪ್‌ನಲ್ಲಿ ಹಂಚಿಕೊಂಡ ಇಬ್ಬರು ನೆರೆಹೊರೆಯ ಶಿಕ್ಷಕರಲ್ಲಿ ಒಬ್ಬರು ಸರ್ಕಾರಿ ನಡತೆ ನಿಯಮಗಳಿಗೂ, ಇನ್ನೊಬ್ಬರು ತಮ್ಮ ನೇಮಕಾತಿ ಪತ್ರದ ಷರತ್ತುಗಳಿಗೂ ಉತ್ತರಿಸಬೇಕಾಗುತ್ತದೆ.

ಹಿನ್ನೆಲೆ

ರಾಜ್ಯದ ಸರ್ಕಾರಿ ಪ್ರೌಢಶಾಲೆಗಳಿಗೆ ದೊಡ್ಡ ಪ್ರಮಾಣದಲ್ಲಿ ಕಂಪ್ಯೂಟರ್‌ಗಳು ಬಂದದ್ದು 2000ದ ದಶಕದ ಆರಂಭದ ‘ಮಾಹಿತಿ ಸಿಂಧು’ ಯೋಜನೆಯಿಂದ. ಅನಂತರ 2004ರಲ್ಲಿ ಆರಂಭವಾದ ಕೇಂದ್ರದ ಐ.ಸಿ.ಟಿ. ಯೋಜನೆಯೂ ಇದಕ್ಕೆ ಸೇರಿತು. ಆ ಕಾಲದಲ್ಲಿ ಗಣಕ ಕೊಠಡಿಯ ಬೀಗದ ಕೈ ಯಾರ ಬಳಿ ಇರಬೇಕು, ಯಂತ್ರ ಕೆಟ್ಟರೆ ಯಾರು ಹೊಣೆ ಎಂಬುವೇ ಮುಖ್ಯ ಪ್ರಶ್ನೆಗಳಾಗಿದ್ದವು. ಯಂತ್ರಗಳು ದಾಸ್ತಾನು ಪುಸ್ತಕದಲ್ಲಿ ನಮೂದಾಗುತ್ತಿದ್ದವು. ಜಾಲದ ಬಳಕೆಗೆ ಅಂತಹ ಪುಸ್ತಕವಿರಲಿಲ್ಲ.

2011ರ ಸುಮಾರಿಗೆ ವಿಷಯ ಶಿಕ್ಷಕರ ವೇದಿಕೆ ಎಂಬ ಕಾರ್ಯಕ್ರಮ ಪ್ರಾರಂಭವಾಯಿತು. ಬನಶಂಕರಿ 3ನೆಯ ಹಂತದಲ್ಲಿರುವ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯೂ (ಡಿ.ಎಸ್.ಇ.ಆರ್.ಟಿ.) ಜಯನಗರದ ಐಟಿ ಫಾರ್ ಚೇಂಜ್ ಎಂಬ ಸ್ವಯಂಸೇವಾ ಸಂಸ್ಥೆಯೂ ಇದರಲ್ಲಿ ಜೊತೆಗೂಡಿದ್ದವು. ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಶಿಕ್ಷಕರಿಗೆ ಮುಕ್ತ ತಂತ್ರಾಂಶಗಳನ್ನು ಕಲಿಸಿ, ಇ-ಮೇಲ್ ಗುಂಪುಗಳ ಮೂಲಕ ಪರಸ್ಪರ ಪಾಠೋಪಕರಣಗಳನ್ನು ಹಂಚಿಕೊಳ್ಳುವಂತೆ ಮಾಡಿದ ಈ ಪ್ರಯತ್ನದಿಂದ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ’ ತಾಣ ಬೆಳೆಯಿತು. 2016–17ರಿಂದ ತಂತ್ರಜ್ಞಾನ ಆಧಾರಿತ ಕಲಿಕಾ ಕಾರ್ಯಕ್ರಮ (ಟಾಲ್ಪ್) ಜಾರಿಗೆ ಬಂದಿತು. 2017ರ ಸೆಪ್ಟೆಂಬರ್ 5ರಂದು ರಾಷ್ಟ್ರಮಟ್ಟದಲ್ಲಿ ‘ದೀಕ್ಷಾ’ ವೇದಿಕೆ ಆರಂಭವಾಯಿತು. ಇದೇ ಅವಧಿಯಲ್ಲಿ ಶಾಲಾ ಆಡಳಿತವೂ ಜಾಲದ ಮೇಲೆ ಬಂದಿತು: ವಿದ್ಯಾರ್ಥಿಗಳ ವಿವರಕ್ಕೆ ಎಸ್.ಎ.ಟಿ.ಎಸ್., ಶಾಲೆಯ ಅಂಕಿಅಂಶಕ್ಕೆ ಯು-ಡೈಸ್ ಪ್ಲಸ್, ಸರ್ಕಾರಿ ನೌಕರರ ವೇತನಕ್ಕೆ ಎಚ್.ಆರ್.ಎಂ.ಎಸ್. ಕಂಪ್ಯೂಟರ್ ಬಳಸುವುದು ಆಸಕ್ತ ಶಿಕ್ಷಕರ ಹವ್ಯಾಸವಾಗಿ ಉಳಿಯದೆ, ಎಲ್ಲರ ನಿತ್ಯ ಕರ್ತವ್ಯವಾದದ್ದು ಈ ತಂತ್ರಾಂಶಗಳಿಂದ.

ಕಾನೂನಿನ ಚೌಕಟ್ಟು

ಎಲ್ಲ ಬಗೆಯ ಶಾಲೆಗಳ ಸಿಬ್ಬಂದಿಗೂ ಸಮಾನವಾಗಿ ಅನ್ವಯಿಸುವುದು 2000ದ ಅಕ್ಟೋಬರ್ 17ರಂದು ಜಾರಿಗೆ ಬಂದ ಮಾಹಿತಿ ತಂತ್ರಜ್ಞಾನ ಅಧಿನಿಯಮ. ಯಂತ್ರದ ಅಥವಾ ಜಾಲದ ಹೊಣೆ ಹೊತ್ತವರ ಅನುಮತಿಯಿಲ್ಲದೆ ಅದರೊಳಗೆ ಪ್ರವೇಶಿಸುವುದು, ಮಾಹಿತಿ ನಕಲು ಮಾಡಿಕೊಳ್ಳುವುದು, ವೈರಸ್ ಸೇರಿಸುವುದು 43ನೆಯ ಕಲಮಿನ ವ್ಯಾಪ್ತಿಗೆ ಬರುತ್ತವೆ. ಅದನ್ನೇ ಅಪ್ರಾಮಾಣಿಕ ಅಥವಾ ವಂಚನೆಯ ಉದ್ದೇಶದಿಂದ ಮಾಡಿದರೆ 66ನೆಯ ಕಲಮಿನಂತೆ ಶಿಕ್ಷಾರ್ಹ ಅಪರಾಧ. ಮತ್ತೊಬ್ಬರ ಪಾಸ್‌ವರ್ಡ್ ಅಥವಾ ವಿದ್ಯುನ್ಮಾನ ಸಹಿಯನ್ನು ವಂಚನೆಯಿಂದ ಬಳಸಿದರೆ 66ಸಿ ಕಲಮಿನಂತೆ 3 ವರ್ಷದವರೆಗಿನ ಸೆರೆವಾಸ ಮತ್ತು 1 ಲಕ್ಷ ರೂಪಾಯಿವರೆಗಿನ ದಂಡ ವಿಧಿಸಬಹುದು. 66ಇ ವ್ಯಕ್ತಿಯ ಖಾಸಗಿ ಅಂಗಗಳ ಚಿತ್ರವನ್ನು ಅನುಮತಿಯಿಲ್ಲದೆ ತೆಗೆಯುವುದಕ್ಕೂ ಹರಡುವುದಕ್ಕೂ, 67ಬಿ ಮಕ್ಕಳ ಲೈಂಗಿಕ ಚಿತ್ರಣಕ್ಕೂ ಸಂಬಂಧಿಸಿವೆ.

‘ಆಕ್ಷೇಪಾರ್ಹ’ ಸಂದೇಶ ಕಳುಹಿಸುವುದನ್ನು ಅಪರಾಧವಾಗಿಸಿದ್ದ 66ಎ ಕಲಮನ್ನು ಸರ್ವೋಚ್ಚ ನ್ಯಾಯಾಲಯ 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ರದ್ದುಗೊಳಿಸಿತು. ಆದರೆ ಇದರಿಂದ ಇಲಾಖೆಯ ಶಿಸ್ತುಕ್ರಮದ ಅಧಿಕಾರಕ್ಕೆ ಧಕ್ಕೆಯಾಗಲಿಲ್ಲ. ಅಪರಾಧವಲ್ಲದ ಬರಹವೂ ನೌಕರನ ಮಟ್ಟಿಗೆ ದುರ್ನಡತೆ ಎನಿಸಿಕೊಳ್ಳಬಹುದು. ಈ ವ್ಯತ್ಯಾಸವನ್ನು ಅರಿಯದೆ ತೊಂದರೆಗೆ ಸಿಲುಕುವುದುಂಟು.

ಸರ್ಕಾರಿ ಶಾಲೆಗಳ ಸಿಬ್ಬಂದಿಗೆ ಮೊದಲು 1966ರ ನಡತೆ ನಿಯಮಗಳು ಅನ್ವಯಿಸುತ್ತಿದ್ದವು. ಅವುಗಳ ಸ್ಥಾನದಲ್ಲಿ ಈಗ 2021ರ ಕರ್ನಾಟಕ ರಾಜ್ಯ ಸಿವಿಲ್ ಸೇವಾ (ನಡತೆ) ನಿಯಮಗಳು ಇವೆ. ಅಮಾನತು, ವಿಚಾರಣೆ ಮತ್ತು ದಂಡನೆಗಳು 1957ರ ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ ನಿಯಮಗಳಂತೆ ನಡೆಯುತ್ತವೆ. ಖಾಸಗಿ ಶಾಲೆಗಳ ನೌಕರರ ವಿಷಯದಲ್ಲಿ 1983ರ ಕರ್ನಾಟಕ ಶಿಕ್ಷಣ ಅಧಿನಿಯಮ ಮುಖ್ಯವಾಗುತ್ತದೆ.

ಪಾಸ್‌ವರ್ಡ್ ಮತ್ತು ಲಾಗಿನ್

ನಿಯಮ ಮತ್ತು ವಾಸ್ತವದ ನಡುವಿನ ಅಂತರ ಅತಿ ಹೆಚ್ಚಾಗಿರುವುದು ಇಲ್ಲಿಯೇ. ಶಾಲೆಯ ಎಸ್.ಎ.ಟಿ.ಎಸ್. ಲಾಗಿನ್ ಮುಖ್ಯೋಪಾಧ್ಯಾಯರ ಹೊಣೆಗಾರಿಕೆಯದು. ಅದರಲ್ಲಿ ವಿದ್ಯಾರ್ಥಿಯ ಹೆಸರು, ಜನ್ಮದಿನಾಂಕ, ಜಾತಿ, ತಂದೆತಾಯಿಗಳ ವಿವರ, ವರ್ಗಾವಣೆಯ ಮಾಹಿತಿ ಎಲ್ಲವೂ ಇರುತ್ತವೆ. ಗುಮಾಸ್ತರ ಹುದ್ದೆಯೇ ಇಲ್ಲದ ಪ್ರಾಥಮಿಕ ಶಾಲೆಗಳಲ್ಲಿ ಕಂಪ್ಯೂಟರ್ ತಿಳಿದ ಸಹಶಿಕ್ಷಕರೊಬ್ಬರಿಗೆ, ಕೆಲವೊಮ್ಮೆ ಹೊರಗಿನ ಸೈಬರ್ ಕೇಂದ್ರದವರಿಗೆ, ಪಾಸ್‌ವರ್ಡ್ ಕೊಟ್ಟು ಮಾಹಿತಿ ತುಂಬಿಸುವ ರೂಢಿ ಬೆಳೆದಿದೆ. ಒಂದು ಜನ್ಮದಿನಾಂಕ ತಪ್ಪಾಗಿ ಬದಲಾದರೆ ಅದು ಎಸ್.ಎಸ್.ಎಲ್.ಸಿ. ಅಂಕಪಟ್ಟಿಯವರೆಗೂ ಮುಂದುವರಿದು, ಮುಂದೆ ಪಾಸ್‌ಪೋರ್ಟ್, ನೌಕರಿಗಳ ಸಂದರ್ಭದಲ್ಲಿ ಮಗುವನ್ನು ಕಾಡಬಹುದು. ಯಾರು ಬದಲಿಸಿದರು ಎಂದು ಹುಡುಕಿದಾಗ ದಾಖಲೆಯಲ್ಲಿ ಕಾಣುವುದು ಲಾಗಿನ್‌ನ ಒಡೆಯರ ಹೆಸರು ಮಾತ್ರ.

ಕೆಲಸದ ಅನುಕೂಲಕ್ಕಾಗಿ ಸದುದ್ದೇಶದಿಂದ ಪಾಸ್‌ವರ್ಡ್ ಹಂಚಿಕೊಳ್ಳುವುದು 66ಸಿ ಕಲಮಿನ ಅಪರಾಧವಾಗುವುದಿಲ್ಲ. ಆ ಕಲಮಿಗೆ ವಂಚನೆಯ ಉದ್ದೇಶ ಬೇಕು. ಆದರೆ ಅದು ಕರ್ತವ್ಯಲೋಪ ಎನಿಸಬಹುದು, ಬೇರೊಬ್ಬರು ಮಾಡಿದ ದುರುಪಯೋಗದ ಹೊಣೆಯೂ ತಲೆಯ ಮೇಲೆ ಬೀಳಬಹುದು. ಭಾರತ ಸರ್ಕಾರ 2014–15ರಲ್ಲಿ ಹೊರಡಿಸಿದ ಇ-ಮೇಲ್ ನೀತಿ ಮತ್ತು ಮಾಹಿತಿ ತಂತ್ರಜ್ಞಾನ ಸಂಪನ್ಮೂಲ ಬಳಕೆಯ ನೀತಿಗಳು ಸರ್ಕಾರಿ ಕೆಲಸಕ್ಕೆ ಸರ್ಕಾರಿ ಮೇಲ್ ವಿಳಾಸವನ್ನೇ ಬಳಸಬೇಕೆಂದೂ ಪಾಸ್‌ವರ್ಡ್ ಗುಟ್ಟಾಗಿಡಬೇಕೆಂದೂ ಹೇಳುತ್ತವೆ. ಶಾಲೆಗಳಲ್ಲಿ ಮಾತ್ರ ಮುಖ್ಯೋಪಾಧ್ಯಾಯರ ಖಾಸಗಿ ಜಿ-ಮೇಲ್ ವಿಳಾಸಕ್ಕೆ ಕಚೇರಿ ಪತ್ರಗಳು ಬರುವುದು ಸಾಮಾನ್ಯ. ಅವರು ವರ್ಗಾವಣೆಯಾದಾಗ ಅಥವಾ ನಿವೃತ್ತರಾದಾಗ ಶಾಲೆಯ ಪತ್ರವ್ಯವಹಾರವೂ ಅವರೊಂದಿಗೆ ಹೊರಟುಹೋಗುತ್ತದೆ. ಪ್ರಭಾರ ಹಸ್ತಾಂತರದ ಪಟ್ಟಿಯಲ್ಲಿ ಬೀರು, ಗಡಿಯಾರಗಳ ಜೊತೆಗೆ ಲಾಗಿನ್‌ಗಳೂ ಸೇರಬೇಕು. ಹಸ್ತಾಂತರವಾದ ದಿನವೇ ಪಾಸ್‌ವರ್ಡ್ ಬದಲಾಗಬೇಕು.

2022ರ ಏಪ್ರಿಲ್ 28ರ ಸರ್ಟ್-ಇನ್ ನಿರ್ದೇಶನದಂತೆ ಸರ್ಕಾರಿ ಸಂಸ್ಥೆಗಳೂ ಕಂಪನಿಗಳೂ ಸೈಬರ್ ದಾಳಿಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು, ಜಾಲದ ದಾಖಲೆಗಳನ್ನು 180 ದಿನ ಕಾಪಾಡಬೇಕು. ವೈಫೈ ಇರುವ ದೊಡ್ಡ ಖಾಸಗಿ ಶಾಲೆಗಳು ಸಿಬ್ಬಂದಿ ಯಾವ ತಾಣಗಳನ್ನು ನೋಡಿದರು ಎಂಬುದನ್ನು ದಾಖಲಿಸಿಕೊಳ್ಳುವುದುಂಟು. ಹೀಗೆ ದಾಖಲಿಸುವ ವಿಷಯವನ್ನು ಸಿಬ್ಬಂದಿಗೆ ಮೊದಲೇ ಲಿಖಿತವಾಗಿ ತಿಳಿಸುವುದು ನ್ಯಾಯೋಚಿತ. ಅದೂ ಅವರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಹಲವು ಪುಟಗಳ ಇಂಗ್ಲಿಷ್ ಕರಾರಿಗೆ ಆಯಾ, ವಾಹನ ಚಾಲಕ, ಕಚೇರಿ ಸಹಾಯಕರಿಂದ ಸಹಿ ಪಡೆಯುವುದರಿಂದ ನಿಯಮ ಪಾಲನೆಯಾಗುವುದಿಲ್ಲ.

ಮಕ್ಕಳ ಮಾಹಿತಿ ಮತ್ತು ಭಾವಚಿತ್ರಗಳು

ಖಾಸಗಿತನವು ಮೂಲಭೂತ ಹಕ್ಕು ಎಂದು ಸರ್ವೋಚ್ಚ ನ್ಯಾಯಾಲಯ 2017ರ ಆಗಸ್ಟ್ 24ರಂದು ಘೋಷಿಸಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅವರದೇ ಹೆಸರಿನ ಆಧಾರ್ ಪ್ರಕರಣದ 2018ರ ಸೆಪ್ಟೆಂಬರ್ 26ರ ತೀರ್ಪು, ಶಾಲಾ ಪ್ರವೇಶಕ್ಕೆ ಆಧಾರ್ ಕಡ್ಡಾಯ ಮಾಡುವಂತಿಲ್ಲ ಎಂದಿತು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದ ಪ್ರಕಾರ 18 ವರ್ಷದೊಳಗಿನ ಎಲ್ಲರೂ ಮಕ್ಕಳು. ಅವರ ಮಾಹಿತಿ ಬಳಸಲು ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು. ಅವರ ನಡವಳಿಕೆಯ ಮೇಲೆ ನಿಗಾ ಇಡುವುದನ್ನೂ ಅವರನ್ನು ಗುರಿಯಾಗಿಸಿದ ಜಾಹೀರಾತುಗಳನ್ನೂ ಅದು ನಿಷೇಧಿಸುತ್ತದೆ. 2025ರ ನವೆಂಬರ್‌ನಲ್ಲಿ ಪ್ರಕಟವಾದ ನಿಯಮಗಳು ಶೈಕ್ಷಣಿಕ ಚಟುವಟಿಕೆ ಮತ್ತು ಮಕ್ಕಳ ಸುರಕ್ಷತೆಗಾಗಿ ನಿಗಾ ಇಡುವ ಮಟ್ಟಿಗೆ ಶಿಕ್ಷಣ ಸಂಸ್ಥೆಗಳಿಗೆ ವಿನಾಯಿತಿ ನೀಡಿವೆ. ಮುಖ್ಯ ಕಟ್ಟುಪಾಡುಗಳು ಜಾರಿಯಾಗಲು 18 ತಿಂಗಳ ಕಾಲಾವಕಾಶವಿದೆ. ಮಕ್ಕಳ ಕುರಿತ ಕಟ್ಟುಪಾಡು ಮುರಿದರೆ ಸಂಸ್ಥೆಗೆ 200 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ.

ದಿನನಿತ್ಯದ ತೊಂದರೆ ಇಷ್ಟು ದೊಡ್ಡದಾಗಿ ಕಾಣುವುದಿಲ್ಲ. ವಿದ್ಯಾರ್ಥಿವೇತನಕ್ಕಾಗಿ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ಮತ್ತು ಆಧಾರ್ ಕಾರ್ಡುಗಳ ಚಿತ್ರಗಳನ್ನು ಪೋಷಕರು ತರಗತಿಯ ವಾಟ್ಸ್‌ಆ್ಯಪ್ ಗುಂಪಿಗೇ ಹಾಕುತ್ತಾರೆ. ಅವು ಗುಂಪಿನ ಪ್ರತಿಯೊಬ್ಬರ ಮೊಬೈಲಿನಲ್ಲಿ ಉಳಿಯುತ್ತವೆ. ಕಡಿಮೆ ಅಂಕ ಪಡೆದವರ, ಶುಲ್ಕ ಬಾಕಿ ಇರುವವರ ಪಟ್ಟಿಯನ್ನು ಗುಂಪಿನಲ್ಲಿ ಪ್ರಕಟಿಸುವುದು ಮಗುವಿಗೆ ಮಾಡುವ ಅವಮಾನವೇ ಸರಿ. ಸೂಚನಾ ಫಲಕಕ್ಕೆ ಹಾಕಿದ ಪಟ್ಟಿಯನ್ನು ಮರುದಿನ ತೆಗೆಯಬಹುದಿತ್ತು, ಇದನ್ನು ತೆಗೆಯಲಾಗದು. ಶಾಲೆಯ ಕಾರ್ಯಕ್ರಮದ ಚಿತ್ರಗಳನ್ನು ಶಿಕ್ಷಕರು ತಮ್ಮ ಖಾಸಗಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಪುಟಗಳಲ್ಲಿ ಹಾಕುವುದಕ್ಕೂ ಇದೇ ಮಾತು ಸಲ್ಲುತ್ತದೆ.

ಮಗುವು ದೌರ್ಜನ್ಯಕ್ಕೆ ಒಳಗಾದ ಅಥವಾ ಕಾನೂನಿನೊಂದಿಗೆ ಸಂಘರ್ಷಕ್ಕೆ ಬಂದ ಪ್ರಕರಣಗಳಲ್ಲಿ ನಿರ್ಬಂಧ ಕಟ್ಟುನಿಟ್ಟು. 2012ರ ಪೋಕ್ಸೊ ಕಾಯ್ದೆಯ 23ನೆಯ ಕಲಮು ಮತ್ತು 2015ರ ಬಾಲನ್ಯಾಯ ಕಾಯ್ದೆಯ 74ನೆಯ ಕಲಮು ಮಗುವಿನ ಹೆಸರು, ವಿಳಾಸ, ಚಿತ್ರ, ಶಾಲೆಯ ಗುರುತುಗಳನ್ನು ಮಾಧ್ಯಮಗಳಲ್ಲಿ ಬಹಿರಂಗಪಡಿಸುವುದನ್ನು ನಿಷೇಧಿಸುತ್ತವೆ. ಇದರ ಇನ್ನೊಂದು ಮುಖವೆಂದರೆ ಮೌನವೂ ಅಪರಾಧ: ಲೈಂಗಿಕ ದೌರ್ಜನ್ಯದ ವಿಷಯ ತಿಳಿದವರು ಪೊಲೀಸರಿಗೆ ವರದಿ ಮಾಡಲೇಬೇಕೆಂದು ಪೋಕ್ಸೊ 19ನೆಯ ಕಲಮು ಹೇಳುತ್ತದೆ, ಮಾಡದಿದ್ದರೆ 21ನೆಯ ಕಲಮಿನಂತೆ ಶಿಕ್ಷೆಯಿದೆ. ವಿದ್ಯಾರ್ಥಿಯ ಮೊಬೈಲಿನಲ್ಲಿ ಅಂತಹ ಚಿತ್ರ ಸಿಕ್ಕಾಗ ಅದನ್ನು ‘ಸಾಕ್ಷ್ಯಕ್ಕಾಗಿ’ ತಮ್ಮ ಮೊಬೈಲಿಗೆ ಕಳುಹಿಸಿಕೊಳ್ಳುವುದಾಗಲಿ ಸಿಬ್ಬಂದಿ ಗುಂಪಿಗೆ ಹಾಕುವುದಾಗಲಿ ಕೂಡದು. ಅಂತಹ ಚಿತ್ರಗಳ ಸಂಗ್ರಹಣೆಯೂ ಅಪರಾಧವಾಗಬಹುದೆಂದು ಸರ್ವೋಚ್ಚ ನ್ಯಾಯಾಲಯ 2024ರ ಸೆಪ್ಟೆಂಬರ್ 23ರಂದು ಸ್ಪಷ್ಟಪಡಿಸಿದೆ. ಮೊಬೈಲನ್ನು ಹಾಗೆಯೇ ಇರಿಸಿ ಪೊಲೀಸರಿಗೆ ತಿಳಿಸುವುದು ಸರಿಯಾದ ಕ್ರಮ. ಮಕ್ಕಳ ಸಹಾಯವಾಣಿ 1098ರ ನೆರವನ್ನೂ ಪಡೆಯಬಹುದು.

2025ರಲ್ಲಿ ಮುಖಚಹರೆ ಗುರುತಿಸಿ ಹಾಜರಿ ಹಾಕುವ ವ್ಯವಸ್ಥೆಯನ್ನು ರಾಜ್ಯದ ಶಾಲೆಗಳಿಗೆ ತರುವ ಪ್ರಸ್ತಾವ ಪ್ರಕಟವಾದಾಗ ಮಕ್ಕಳ ಚಿತ್ರಗಳ ಸುರಕ್ಷತೆ ಕುರಿತು ಆಕ್ಷೇಪಗಳು ಕೇಳಿಬಂದವು.

ಸಾಮಾಜಿಕ ಮಾಧ್ಯಮ ಮತ್ತು ಅಭಿಪ್ರಾಯ

ಸರ್ಕಾರದ ನೀತಿಯನ್ನು ಸಾರ್ವಜನಿಕವಾಗಿ ಟೀಕಿಸುವುದಕ್ಕೆ ಸರ್ಕಾರಿ ನೌಕರರ ಮೇಲೆ ಹಿಂದಿನಿಂದಲೂ ನಿರ್ಬಂಧವಿದೆ. ಪತ್ರಿಕೆ, ಆಕಾಶವಾಣಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ರಚಿತವಾದ ಈ ನಿರ್ಬಂಧ ಈಗ ಸಾಮಾಜಿಕ ಮಾಧ್ಯಮಕ್ಕೂ ಅನ್ವಯವಾಗುತ್ತಿದೆ. 2023ರ ಮೇ ತಿಂಗಳಲ್ಲಿ ಹೊಸದುರ್ಗ ತಾಲ್ಲೂಕಿನ ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕರೊಬ್ಬರು, ಉಚಿತ ಯೋಜನೆಗಳು ಮತ್ತು ರಾಜ್ಯದ ಸಾಲದ ಕುರಿತು ಮುಖ್ಯಮಂತ್ರಿಯವರನ್ನು ಟೀಕಿಸಿ ಸಾಮಾಜಿಕ ಜಾಲತಾಣದಲ್ಲಿ ಬರೆದ ಕಾರಣಕ್ಕೆ ಅಮಾನತುಗೊಂಡರು. ಈ ಕ್ರಮ ಶಿಸ್ತಿನ ರಕ್ಷಣೆಯೋ ಅಭಿವ್ಯಕ್ತಿ ಸ್ವಾತಂತ್ರ್ಯದ ಮೇಲಿನ ಪ್ರಹಾರವೋ ಎಂಬ ಚರ್ಚೆ ರಾಜಕೀಯ ವಲಯದಲ್ಲೂ ನಡೆಯಿತು. ಆಡಳಿತದಲ್ಲಿ ಯಾವ ಪಕ್ಷವಿದ್ದರೂ ಈ ನಿಯಮ ಹಾಗೆಯೇ ಉಳಿದುಬಂದಿದೆ. ಸರ್ಕಾರದ ನೀತಿಯ ಟೀಕೆ ಮತ್ತು ಶಾಲೆಯ ಕೊರತೆಗಳ ಪ್ರಸ್ತಾಪ ಇವೆರಡರ ನಡುವಣ ಗೆರೆ ಎಲ್ಲಿದೆ ಎಂಬುದು ಸ್ಪಷ್ಟವಿಲ್ಲದಿರುವುದರಿಂದ, ಸೋರುವ ಛಾವಣಿಯ ಚಿತ್ರ ಹಾಕುವುದಕ್ಕೂ ಶಿಕ್ಷಕರು ಹಿಂಜರಿಯುವಂತಾಗಿದೆ.

ಪರೀಕ್ಷೆಗಳು

ಮೊಬೈಲ್ ನಿರ್ಬಂಧ ಅತ್ಯಂತ ಬಿಗಿಯಾಗಿರುವುದು ಪರೀಕ್ಷಾ ಕೇಂದ್ರಗಳಲ್ಲಿ. 2016ರ ಮಾರ್ಚ್‌ನಲ್ಲಿ ದ್ವಿತೀಯ ಪಿ.ಯು.ಸಿ. ರಸಾಯನವಿಜ್ಞಾನ ಪ್ರಶ್ನೆಪತ್ರಿಕೆ ಎರಡು ಬಾರಿ ಬಯಲಾಗಿ, ಮಾರ್ಚ್ 21ರ ಪರೀಕ್ಷೆ ರದ್ದಾಯಿತು, 31ರ ಮರುಪರೀಕ್ಷೆಯೂ ನಡೆಯದೆ ಏಪ್ರಿಲ್ 12ಕ್ಕೆ ಹೋಯಿತು. ಲಕ್ಷಾಂತರ ವಿದ್ಯಾರ್ಥಿಗಳು ಒಂದೇ ವಿಷಯಕ್ಕೆ ಮತ್ತೆ ಮತ್ತೆ ಸಿದ್ಧರಾಗಬೇಕಾದ ಆ ಪ್ರಸಂಗದ ನಂತರ ಭದ್ರತಾ ಕ್ರಮಗಳು ಹೆಚ್ಚಾದವು. ಎಸ್.ಎಸ್.ಎಲ್.ಸಿ. ಕೇಂದ್ರಗಳಲ್ಲಿ ಸಿಬ್ಬಂದಿಯ ಮೊಬೈಲ್‌ಗಳನ್ನು ಪಡೆದಿರಿಸಿಕೊಳ್ಳಲು ‘ಮೊಬೈಲ್ ಸ್ವಾಧೀನಾಧಿಕಾರಿ’ ಎಂಬವರನ್ನೇ ನೇಮಿಸಲಾಗುತ್ತದೆ. 2024ರಿಂದ ಪರೀಕ್ಷಾ ಕೊಠಡಿಗಳ ಸಿ.ಸಿ.ಟಿ.ವಿ. ದೃಶ್ಯಗಳನ್ನು ವೆಬ್‌ಕಾಸ್ಟಿಂಗ್ ಮೂಲಕ ವೀಕ್ಷಿಸುವ ವ್ಯವಸ್ಥೆಯೂ ಬಂದಿದೆ.

ಆನ್‌ಲೈನ್ ತರಗತಿ ಮತ್ತು ಕೃತಿಸ್ವಾಮ್ಯ

ಕೋವಿಡ್ ಕಾಲದಲ್ಲಿ, 2020ರ ಜೂನ್‌ನಲ್ಲಿ, ರಾಜ್ಯ ಸರ್ಕಾರ ಕೆಳಗಿನ ತರಗತಿಗಳ ಆನ್‌ಲೈನ್ ಪಾಠಗಳನ್ನು ನಿರ್ಬಂಧಿಸಿತು. ಜುಲೈ 8ರಂದು ಹೈಕೋರ್ಟ್ ಆ ಆದೇಶಗಳಿಗೆ ತಡೆ ನೀಡಿತು. ಅದೇ ಜುಲೈನಲ್ಲಿ ಕೇಂದ್ರ ಹೊರಡಿಸಿದ ‘ಪ್ರಜ್ಞಾತಾ’ ಮಾರ್ಗಸೂಚಿ 1ರಿಂದ 8ನೆಯ ತರಗತಿಗೆ ದಿನಕ್ಕೆ 30–45 ನಿಮಿಷಗಳ 2 ಅವಧಿಗಳನ್ನೂ 9ರಿಂದ 12ಕ್ಕೆ 4 ಅವಧಿಗಳನ್ನೂ ಮೀರಬಾರದೆಂದು ಸಲಹೆ ನೀಡಿತು.

1957ರ ಕೃತಿಸ್ವಾಮ್ಯ ಅಧಿನಿಯಮದ 52ನೆಯ ಕಲಮು ಪಾಠದ ಸಂದರ್ಭದಲ್ಲಿ ಶಿಕ್ಷಕರು ಕೃತಿಯ ಪ್ರತಿ ಮಾಡಿಕೊಳ್ಳುವುದಕ್ಕೆ ವಿನಾಯಿತಿ ನೀಡುತ್ತದೆ. ಖಾಸಗಿ ಪ್ರಕಾಶಕರ ಮಾರ್ಗದರ್ಶಿಯನ್ನು ಇಡಿಯಾಗಿ ಸ್ಕ್ಯಾನ್ ಮಾಡಿ ಊರಿಗೆಲ್ಲ ಹಂಚುವುದಕ್ಕೆ ಅದು ರಕ್ಷಣೆಯಲ್ಲ. ರಾಜ್ಯದ ಪಠ್ಯಪುಸ್ತಕಗಳನ್ನು ಪಠ್ಯಪುಸ್ತಕ ಸಂಘವೇ ತನ್ನ ತಾಣದಲ್ಲಿ ಉಚಿತವಾಗಿ ಒದಗಿಸುತ್ತದೆ.

ಉಲ್ಲಂಘನೆ ಮತ್ತು ಕ್ರಮ

ಸರ್ಕಾರಿ ಶಿಕ್ಷಕರ ಮೇಲೆ ಸಾಮಾನ್ಯವಾಗಿ ಕಾರಣ ಕೇಳುವ ನೋಟಿಸು, ಅಮಾನತು, ಇಲಾಖಾ ವಿಚಾರಣೆಗಳ ಕ್ರಮ ನಡೆಯುತ್ತದೆ. ಅಮಾನತು ಸ್ವತಃ ದಂಡನೆಯಲ್ಲ, ವಿಚಾರಣೆಗೆ ಮುಂಚಿನ ಕ್ರಮ ಎಂಬುದು ಕಾನೂನಿನ ನಿಲುವು. ಅನುಭವಿಸುವವರಿಗೂ ಊರಿನವರಿಗೂ ಅದು ದಂಡನೆಯಂತೆಯೇ ಕಾಣುತ್ತದೆ. ಖಾಸಗಿ ಶಾಲೆಯ ನೌಕರರನ್ನು ವಿಚಾರಣೆಯಿಲ್ಲದೆ ವಜಾ ಮಾಡುವಂತಿಲ್ಲವೆಂದು ಶಿಕ್ಷಣ ಅಧಿನಿಯಮದ 92ನೆಯ ಕಲಮು ಹೇಳುತ್ತದೆ. ಆದೇಶದಿಂದ ಬಾಧಿತರಾದವರು 94ನೆಯ ಕಲಮಿನಡಿ ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಸಂದೇಶದ ತೆರೆಚಿತ್ರವೊಂದನ್ನೇ ಆಧಾರವಾಗಿಟ್ಟುಕೊಂಡು ಕ್ರಮ ಜರುಗಿಸಿದಾಗ, ಅದನ್ನು ಯಾರು ಯಾವಾಗ ಕಳುಹಿಸಿದರು, ತಿದ್ದಲಾಗಿದೆಯೇ ಎಂಬ ಪ್ರಶ್ನೆಗಳನ್ನು ಎತ್ತುವ ಹಕ್ಕು ನೌಕರರಿಗಿದೆ.

ಸಿಬ್ಬಂದಿಯೇ ವಂಚನೆಗೆ ಗುರಿಯಾದರೆ, ಉದಾಹರಣೆಗೆ ಮೇಲಧಿಕಾರಿಯ ಚಿತ್ರ ಹಾಕಿಕೊಂಡ ಅಪರಿಚಿತ ಸಂಖ್ಯೆಯಿಂದ ಹಣದ ಬೇಡಿಕೆ ಬಂದು ಹಣ ಕಳುಹಿಸಿಬಿಟ್ಟರೆ, ತಡಮಾಡದೆ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಹಣ ಇನ್ನೂ ಬ್ಯಾಂಕ್ ಖಾತೆಗಳಲ್ಲಿ ಉಳಿದಿದ್ದರೆ ಅದನ್ನು ತಡೆಹಿಡಿಯಲು ಸಾಧ್ಯವಾಗುವುದರಿಂದ ಮೊದಲ ಕೆಲವು ಗಂಟೆಗಳು ಮುಖ್ಯ. ಶಾಲೆಯ ಖಾತೆಯಿಂದ ಹಣ ಹೋಗಿದ್ದರೆ ಬ್ಯಾಂಕಿಗೂ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೂ ಅದೇ ದಿನ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆದಿಟ್ಟುಕೊಳ್ಳುವುದು ಅಗತ್ಯ.