ನಾಯಕ ವಿಠ್ಠಲ: ಧಾರವಾಡ ನಂಟಿನ ಒಂದು ಕ್ರಿಕೆಟ್ ಮನೆತನ

ರಾಷ್ಟ್ರಕೂಟರ ಕೈಲಾಸ ನೋಡಲು ನಾಸಿಕ್‌ನಿಂದ ವೇರೂಳಿಗೆ ಹೊರಟವರು ದಾರಿಯಲ್ಲಿ ಪೈಠಣಿ ಸೀರೆಗೆಂದು ಯೇವಲಾದಲ್ಲಿ ಇಳಿಯುವುದುಂಟು. ಆ ಊರಿಗೆ ಇನ್ನೊಂದು ನೆನಪೂ ಇದೆ. ಅದು ನಮ್ಮ ಧಾರವಾಡದ ಕ್ರಿಕೆಟ್ ನಂಟಿನವರೆಗೂ ಬರುತ್ತದೆ.

ಪಾಲವಣಕರ್ ಬಾಳೂ ಹುಟ್ಟಿದ್ದು ಧಾರವಾಡದಲ್ಲಿ, ದಲಿತ ಕುಟುಂಬದಲ್ಲಿ. ಪುಣೆಯ ಯುರೋಪಿಯನ್ನರ ಕ್ಲಬ್ಬಿನಲ್ಲಿ ತಿಂಗಳಿಗೆ 4 ರೂಪಾಯಿ ಸಂಬಳಕ್ಕೆ ಮೈದಾನ ನೋಡಿಕೊಳ್ಳುತ್ತಿದ್ದರು. ಹ್ಯಾಂಪ್‌ಶೈರ್ ಕೌಂಟಿಗೂ ಆಡಿದ ಗ್ರೇಗ್ ಅವರಿಗೆ ನೆಟ್ಸ್‌ನಲ್ಲಿ ಬೌಲ್ ಮಾಡುತ್ತಲೇ ಅವರ ಎಡಗೈ ಸ್ಪಿನ್ ಪಳಗಿತು. ಪುಣೆಯ ಹಿಂದೂ ತಂಡ ಅವರನ್ನು ಸೇರಿಸಿಕೊಂಡಿತೇನೋ ನಿಜ. ಆದರೆ ಚಹಾ ಮಾತ್ರ ಮಂಟಪದ ಹೊರಗೆ, ಮಣ್ಣಿನ ಲೋಟದಲ್ಲಿ! 1911ರ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್ ಕಿತ್ತ ಮೇಲೂ ಹಿಂದೂ ತಂಡದ ನಾಯಕತ್ವ ಅವರಿಗೆ ಒಲಿಯಲಿಲ್ಲ.

1920ರಲ್ಲಿ ಬಾಳೂ ಅವರನ್ನೇ ತಂಡದಿಂದ ಕೈಬಿಟ್ಟಾಗ ತಮ್ಮಂದಿರಾದ ಶಿವರಾಮ್ ಮತ್ತು ವಿಠ್ಠಲ ಪ್ರತಿಭಟಿಸಿ ಹೊರಗುಳಿದರು. ಆಯ್ಕೆದಾರರು ಮಣಿಯಬೇಕಾಯಿತು. ಫೈನಲ್‌ಗೆ ಬಾಳೂ ಉಪನಾಯಕರಾಗಿ ಮರಳಿದರು. ಅಣ್ಣನಿಗೆ ಪೂರ್ತಿ ಸಿಗದಿದ್ದುದು 1923ರಲ್ಲಿ ತಮ್ಮನಿಗೆ ಸಿಕ್ಕಿತು. ಸೊಗಸಾದ ಬ್ಯಾಟ್ಸ್‌ಮನ್ ವಿಠ್ಠಲ ಹಿಂದೂ ತಂಡದ ನಾಯಕರಾದರು. ಅದೇ ವರ್ಷ ಮುಂಬೈನಲ್ಲಿ ಯುರೋಪಿಯನ್ನರನ್ನು ಸೋಲಿಸಿ ಚತುಷ್ಕೋನ ಪಂದ್ಯಾವಳಿ ಗೆದ್ದರು. ತಮ್ಮ ಆಟದ ಬದುಕನ್ನು ಅವರು ಮುಂದೆ ಮರಾಠಿಯಲ್ಲಿ ಬರೆದಿಟ್ಟಿದ್ದಾರೆ.

ಹಾಗಾದರೆ ಮೈದಾನದ ಗೆಲುವು ಊರಿನ ಬಾಗಿಲನ್ನೂ ತೆರೆಯಿತೆ? ಇಲ್ಲ. 1930ರ ಮಾರ್ಚ್ 2ರಂದು ನಾಸಿಕ್‌ನ ಕಾಳಾರಾಮ ದೇವಸ್ಥಾನದ ಪ್ರವೇಶಕ್ಕಾಗಿ ಡಾ. ಅಂಬೇಡ್ಕರ್ ಸತ್ಯಾಗ್ರಹ ಆರಂಭಿಸಿದರು. ವರ್ಷಗಳೇ ಕಳೆದರೂ ಬಾಗಿಲು ತೆರೆಯಲಿಲ್ಲ. 1935ರ ಅಕ್ಟೋಬರ್ 13ರಂದು ಇದೇ ಯೇವಲಾದಲ್ಲಿ, ತಾನು ಹಿಂದೂವಾಗಿ ಸಾಯುವುದಿಲ್ಲ ಎಂದು ಅವರು ಘೋಷಿಸಿದರು.

ಬಾಳೂ ಇದನ್ನು ಒಪ್ಪಲಿಲ್ಲ. ಒಂದು ಕಾಲಕ್ಕೆ ಅಂಬೇಡ್ಕರ್ ಅವರೇ ಮೆಚ್ಚಿ, ಸನ್ಮಾನ ಸಭೆಯಲ್ಲಿ ಮಾತಾಡಿದ್ದ ಆಟಗಾರ ಅವರು. 1937ರ ಮುಂಬೈ ಶಾಸನಸಭೆ ಚುನಾವಣೆಯಲ್ಲಿ ಕಾಂಗ್ರೆಸ್ ಅವರನ್ನೇ ಅಂಬೇಡ್ಕರ್ ವಿರುದ್ಧ ನಿಲ್ಲಿಸಿತು. ಅಂಬೇಡ್ಕರ್‌ಗೆ 13,245 ಮತ, ಬಾಳೂಗೆ 11,225.

ಇಬ್ಬರದೂ ಒಂದೇ ಅವಮಾನದ ಅನುಭವ, ಆದರೆ ದಾರಿ ಬೇರೆ. ತಂಡದ ಒಳಗೇ ಉಳಿದು, ಜಗಳಾಡಿ, ಮೂರು ವರ್ಷದಲ್ಲಿ ನಾಯಕತ್ವ ಗೆದ್ದ ಮನೆತನ ಬಾಳೂ ಅವರದು. ಐದು ವರ್ಷ ಬಾಗಿಲ ಮುಂದೆ ಕಾದರೂ ಒಳಗೆ ಬಿಡಿಸಿಕೊಳ್ಳದವರ ಪರವಾಗಿ ಮಾತಾಡಿದವರು ಅಂಬೇಡ್ಕರ್. ವಿಠ್ಠಲರ 1923ರ ಗೆಲುವು ದೊಡ್ಡದೇ. ಅದು ಎಲ್ಲಿಯವರೆಗೆ ತಲುಪಿತು, ಎಲ್ಲಿ ನಿಂತಿತು ಎಂಬುದಕ್ಕೆ ನಾಸಿಕ್ ಮತ್ತು ಯೇವಲಾ ಸಾಕ್ಷಿ.