ರೋಬೋಟ್ ಸ್ಪರ್ಧೆಯ ಅಂಕ ಮತ್ತು ದಂಡ: ನಿಯಮ ಪುಸ್ತಕವನ್ನು ಓದುವ ಬಗೆ

ಸೊಲ್ಲಾಪುರ, ಅಕ್ಕಲಕೋಟೆ, ಮಂಗಳವೇಡೆ ಭಾಗದ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳು ಓದಿನಲ್ಲಾಗಲಿ ಕೈಚಳಕದಲ್ಲಾಗಲಿ ಯಾರಿಗೂ ಕಡಿಮೆಯಿಲ್ಲ. ಆದರೆ ರೋಬೋಟ್ ಸ್ಪರ್ಧೆಯಂತಹ ಹೊಸ ಅಂಗಳಕ್ಕೆ ಇಳಿದಾಗ ಅವರಿಗೆ ಎದುರಾಗುವ ಮೊದಲ ತೊಡಕು ಯಂತ್ರದ್ದಲ್ಲ, ಭಾಷೆಯದು. ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ನಿಯಮ ಪುಸ್ತಕದಲ್ಲಿ ಇಂಗ್ಲಿಷ್. ಮೂರು ಭಾಷೆಗಳ ನಡುವೆ ಒಂದೇ ಒಂದು ಪದದ ಅರ್ಥ ಜಾರಿದರೂ ತಿಂಗಳುಗಳ ಶ್ರಮದ ಫಲವಾದ ಅಂಕಗಳು ಕೈತಪ್ಪುತ್ತವೆ. ಆದುದರಿಂದ ಈ ಸ್ಪರ್ಧೆಗಳ ಅಂಕ ಮತ್ತು ದಂಡದ ನಿಯಮಗಳನ್ನು ಹೇಗೆ ಅರ್ಥೈಸಬೇಕೆಂಬುದನ್ನು ಪಾಲಕರಿಗೂ ಮಕ್ಕಳಿಗೂ ಉಪಯೋಗವಾಗುವಂತೆ ಇಲ್ಲಿ ವಿವರಿಸಿದ್ದೇವೆ.

ಯಾವ ಸ್ಪರ್ಧೆಗಳು

ನೀತಿ ಆಯೋಗದ ಅಟಲ್ ಇನ್ನೋವೇಷನ್ ಮಿಷನ್ 2016ರಲ್ಲಿ ಆರಂಭವಾಯಿತು. ಅದರಡಿ 6ರಿಂದ 12ನೆಯ ತರಗತಿಯ ಮಕ್ಕಳಿಗಾಗಿ ದೇಶದ 10,000ಕ್ಕೂ ಹೆಚ್ಚು ಶಾಲೆಗಳಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್‌ಗಳು ತಲೆಯೆತ್ತಿವೆ. ಇನ್ನೂ 50,000 ಲ್ಯಾಬ್‌ಗಳನ್ನು ಐದು ವರ್ಷಗಳಲ್ಲಿ ಸರ್ಕಾರಿ ಶಾಲೆಗಳಲ್ಲಿ ಸ್ಥಾಪಿಸುವುದಾಗಿ 2025ರ ಕೇಂದ್ರ ಆಯವ್ಯಯದಲ್ಲಿ ಘೋಷಿಸಲಾಗಿದೆ. ಲ್ಯಾಬ್ ಬಂದ ಮೇಲೆ ಸ್ಪರ್ಧೆಯ ಮಾತು ತಾನಾಗಿಯೇ ಬರುತ್ತದೆ.

ಶಾಲಾ ಮಕ್ಕಳ ಮಟ್ಟಿಗೆ ಎರಡು ಸ್ಪರ್ಧೆಗಳು ಮುಖ್ಯವಾದವು. ಒಂದು, 1998ರಲ್ಲಿ ಅಮೆರಿಕೆಯ ಫಸ್ಟ್ ಸಂಸ್ಥೆ ಮತ್ತು ಲೆಗೋ ಸಂಸ್ಥೆ ಜತೆಗೂಡಿ ಹುಟ್ಟುಹಾಕಿದ ಫಸ್ಟ್ ಲೆಗೋ ಲೀಗ್. ಇನ್ನೊಂದು, 2004ರಲ್ಲಿ ಸಿಂಗಪುರದಲ್ಲಿ ಮೊದಲ ಬಾರಿಗೆ ನಡೆದ ವರ್ಲ್ಡ್ ರೋಬೋಟ್ ಒಲಿಂಪಿಯಾಡ್. ಇದರ ಅಂತರರಾಷ್ಟ್ರೀಯ ಅಂತಿಮ ಸುತ್ತು 2016ರಲ್ಲಿ ದೆಹಲಿಯಲ್ಲಿಯೇ ನಡೆದಿತ್ತು. ಭಾರತದಲ್ಲಿ ಇವೆರಡನ್ನೂ ಇಂಡಿಯಾ ಸ್ಟೆಮ್ ಫೌಂಡೇಷನ್ ನಡೆಸಿಕೊಂಡು ಬಂದಿದೆ. ಲೆಗೋ ಲೀಗಿನ ಹೊಸ ವರ್ಷದ ವಿಷಯ ಸಾಮಾನ್ಯವಾಗಿ ಆಗಸ್ಟ್ ತಿಂಗಳಲ್ಲಿ ಪ್ರಕಟವಾಗುತ್ತದೆ. ನಮ್ಮ ಕಡೆ ಹುಲಜಂತಿಯ ಮಾಳಿಂಗರಾಯನ ಜಾತ್ರೆ ಕೂಡುವ ದೀಪಾವಳಿ ರಜೆಯೇ ಅಭ್ಯಾಸಕ್ಕೆ ಒದಗುವ ನಿಜವಾದ ಬಿಡುವು. ನಿಯಮದ ಓದು ಅದಕ್ಕೂ ಮೊದಲೇ ಮುಗಿದಿರಬೇಕು.

ಕಬಡ್ಡಿಯ ಕಣ್ಣಿನಿಂದ ನೋಡಿದರೆ

ನಿಯಮ ಎಂದೊಡನೆ ಮಕ್ಕಳು ಅಂಜಬೇಕಾಗಿಲ್ಲ. ಕಬಡ್ಡಿಯಲ್ಲಿ ಬೋನಸ್ ಗೆರೆ ದಾಟಿದ ಮಾತ್ರಕ್ಕೆ ಅಂಕ ಸಿಗುವುದಿಲ್ಲ ಎಂಬುದು ನಮ್ಮ ಊರಿನ ಹುಡುಗರಿಗೆಲ್ಲ ಗೊತ್ತು. ಎದುರು ಅಂಕಣದಲ್ಲಿ ಕನಿಷ್ಠ ಆರು ಮಂದಿ ಇರಬೇಕು. ಒಂದು ಕಾಲು ಗೆರೆಯಾಚೆ ಊರಿದಾಗ ಇನ್ನೊಂದು ಕಾಲು ನೆಲದಿಂದ ಮೇಲಿರಬೇಕು. ಇಲ್ಲಿ ಒಂದು ಕ್ರಿಯೆಯಿದೆ, ಅದಕ್ಕೆ ಎರಡು ಷರತ್ತುಗಳಿವೆ. ರೋಬೋಟ್ ಸ್ಪರ್ಧೆಯ ಪ್ರತಿಯೊಂದು ಅಂಕವೂ ಇದೇ ಬಗೆಯದು. ನಿಯಮವನ್ನು ಓದುವಾಗ ಏನು ಮಾಡಬೇಕು, ಯಾವ ಸ್ಥಿತಿಯಲ್ಲಿ ಇರಬೇಕು, ಯಾವ ಹೊತ್ತಿನಲ್ಲಿ ಎಣಿಸುತ್ತಾರೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕಿದರೆ ಅರ್ಧ ಗೊಂದಲ ಅಲ್ಲಿಯೇ ಕಳೆಯುತ್ತದೆ.

ಆಟದ ಕೊನೆಯಲ್ಲಿ ಇದ್ದುದಕ್ಕೇ ಅಂಕ

ಲೆಗೋ ಲೀಗಿನಲ್ಲಿ ಒಂದು ಆಟದ ಅವಧಿ ಎರಡೂವರೆ ನಿಮಿಷ, ಅಂದರೆ 150 ಸೆಕೆಂಡು. ನಿಯಮವು ಬೇರೆಯಾಗಿ ಹೇಳದ ಹೊರತು ಅಂಕಗಳನ್ನು ಎಣಿಸುವುದು ಆಟ ಮುಗಿದಾಗ ಮೇಜಿನ ಮೇಲೆ ಇರುವ ಸ್ಥಿತಿಯನ್ನು ನೋಡಿ. ಮೊದಲ ಅರ್ಧ ನಿಮಿಷದಲ್ಲಿ ರೋಬೋಟ್ ಒಂದು ದಿಮ್ಮಿಯನ್ನು ಸರಿಯಾದ ಸ್ಥಳಕ್ಕೆ ಒಯ್ದಿಟ್ಟು, ಕೊನೆಯ ಗಳಿಗೆಯಲ್ಲಿ ತಾನೇ ಅದಕ್ಕೆ ಡಿಕ್ಕಿ ಹೊಡೆದು ಹೊರಗೆ ತಳ್ಳಿದರೆ ಆ ಅಂಕ ಇಲ್ಲ. ‘ನಾವು ಮಾಡಿದ್ದೆವು, ಎಲ್ಲರೂ ನೋಡಿದ್ದಾರೆ’ ಎಂಬ ವಾದ ಅಲ್ಲಿ ನಿಲ್ಲದು. ಹಾಗಾಗಿ ಯಾವ ಕಾರ್ಯವನ್ನು ಮೊದಲು, ಯಾವುದನ್ನು ಕಡೆಗೆ ಮಾಡಬೇಕೆಂಬ ಕ್ರಮವೂ ಅಂಕದ ಭಾಗವೇ.

ಕೆಲವು ಕಾರ್ಯಗಳಿಗೆ ಮತ್ತೊಂದು ಷರತ್ತಿದೆ: ಆಟ ಮುಗಿದಾಗ ತಂಡದ ಯಾವುದೇ ಸಲಕರಣೆ ಆ ಮಾದರಿಯನ್ನು ಮುಟ್ಟಿರಬಾರದು. ಇದನ್ನು ಪುಸ್ತಕದಲ್ಲಿ ಒಂದು ಸಣ್ಣ ಚಿಹ್ನೆಯಿಂದ ಸೂಚಿಸಿರುತ್ತಾರೆ. ಚಿಹ್ನೆಯನ್ನು ಗಮನಿಸದ ತಂಡ ಕೆಲಸವನ್ನು ಪೂರ್ತಿ ಮಾಡಿಯೂ ರೋಬೋಟಿನ ತೋಳನ್ನು ಅಲ್ಲಿಯೇ ಬಿಟ್ಟು ಅಂಕ ಕಳೆದುಕೊಳ್ಳುತ್ತದೆ.

ಪದಗಳ ತೂಕ

ತೀರ್ಪುಗಾರರು ಪದಗಳನ್ನು ಅಕ್ಷರಶಃ ಓದುತ್ತಾರೆ. ಈ ಕೆಳಗಿನ ಪದಗಳನ್ನು ಮಕ್ಕಳು ಅದೇ ಉಚ್ಚಾರಣೆಯಲ್ಲಿ ಗುರುತಿಸುವಂತಾಗಬೇಕು, ಏಕೆಂದರೆ ಮೈದಾನದಲ್ಲಿ ಅವರ ಕಿವಿಗೆ ಬೀಳುವುದು ಇವೇ.

‘ಕಂಪ್ಲೀಟ್ಲಿ ಇನ್’ ಎಂದರೆ ವಸ್ತು ಪೂರ್ತಿಯಾಗಿ ಒಳಗಿರಬೇಕು. ಒಂದು ಅಂಚು ಹೊರಚಾಚಿದರೂ ಸಲ್ಲದು.
‘ಪಾರ್ಟ್ಲಿ ಇನ್’ ಎಂದರೆ ಸ್ವಲ್ಪ ಭಾಗ ಒಳಗಿದ್ದರೂ ಸಾಕು.
‘ಟಚಿಂಗ್’ ಎಂದರೆ ಮುಟ್ಟಿರುವುದು. ‘ನಾಟ್ ಟಚಿಂಗ್’ ಎಂದರೆ ಮುಟ್ಟದೆ ಬಿಡಿಯಾಗಿರುವುದು.
‘ಈಚ್’ ಎಂದರೆ ಪ್ರತಿಯೊಂದಕ್ಕೂ ಬೇರೆ ಬೇರೆ ಅಂಕ.
‘ಆ್ಯಂಡ್’ ಎಂದರೆ ಎರಡೂ ಷರತ್ತು ಕೂಡಬೇಕು. ‘ಆರ್’ ಎಂದರೆ ಒಂದು ಸಾಕು.
‘ಇಂಟರಪ್ಟ್’ ಎಂದರೆ ಓಡುತ್ತಿರುವ ರೋಬೋಟನ್ನು ಕೈಯಿಂದ ತಡೆಯುವುದು.

ತಿಳಿವಳಿಕೆಗಾಗಿ ನಾವೇ ಕಲ್ಪಿಸಿದ ಒಂದು ಉದಾಹರಣೆ ಕೊಡುತ್ತೇವೆ. ವೃತ್ತದೊಳಗೆ ಪೂರ್ತಿಯಾಗಿ ಇರುವ ಪ್ರತಿ ದಿಮ್ಮಿಗೆ 10 ಅಂಕ. ಮೂರೂ ದಿಮ್ಮಿಗಳು ಹಾಗೆ ಇದ್ದು ಬಾವುಟವೂ ಎದ್ದಿದ್ದರೆ ಹೆಚ್ಚಿನ 20 ಅಂಕ ಎಂದು ನಿಯಮವಿದೆಯೆನ್ನಿ. ಎರಡು ದಿಮ್ಮಿಗಳು ಪೂರ್ತಿ ಒಳಗಿವೆ, ಮೂರನೆಯದು ಗೆರೆಯಿಂದಾಚೆ ಬೆರಳಗಲ ಚಾಚಿದೆ, ಬಾವುಟ ಎದ್ದಿದೆ. ಆಗ ಸಿಗುವುದು 20 ಅಂಕ ಮಾತ್ರ. ಬಾವುಟ ಎದ್ದಿದ್ದರೂ ಅದರ ಜತೆಗಿನ ಷರತ್ತು ಕೂಡಲಿಲ್ಲ. ‘ಪೂರ್ತಿಯಾಗಿ’ ಎಂಬಲ್ಲಿ ‘ಭಾಗಶಃ’ ಎಂದಿದ್ದರೆ ಅದೇ ಆಟಕ್ಕೆ 50 ಅಂಕ ಸಿಗುತ್ತಿತ್ತು. ಒಂದೇ ಪದದ ಬೆಲೆ 30 ಅಂಕ.

ದಂಡದ ಲೆಕ್ಕ

ಎಲ್ಲಕ್ಕಿಂತ ಹೆಚ್ಚು ಗೊಂದಲ ಹುಟ್ಟಿಸುವುದು ದಂಡದ ನಿಯಮ. ಲೆಗೋ ಲೀಗಿನಲ್ಲಿ ಪ್ರತಿ ತಂಡಕ್ಕೆ ಆಟದ ಆರಂಭದಲ್ಲಿಯೇ ಆರು ‘ಪ್ರಿಸಿಷನ್ ಟೋಕನ್’ಗಳನ್ನು ಕೊಟ್ಟಿರುತ್ತಾರೆ. ಓಡುತ್ತಿರುವ ರೋಬೋಟ್ ‘ಹೋಮ್’ ಎಂಬ ಮನೆಯಂಗಳದ ಹೊರಗಿರುವಾಗ ಮಕ್ಕಳು ಅದನ್ನು ಕೈಯಿಂದ ತಡೆದರೆ ತೀರ್ಪುಗಾರರು ಒಂದು ಟೋಕನ್ ತೆಗೆದುಕೊಳ್ಳುತ್ತಾರೆ. ರೋಬೋಟ್ ಮನೆಯೊಳಗೆ ಪೂರ್ತಿ ಬಂದ ಮೇಲೆ ಮುಟ್ಟಿದರೆ ದಂಡವಿಲ್ಲ. ಅರ್ಧ ಒಳಗೆ, ಅರ್ಧ ಹೊರಗೆ ಇರುವಾಗ ಏನೆಂಬುದನ್ನು ಆಯಾ ವರ್ಷದ ಪುಸ್ತಕದ ಪದಗಳಲ್ಲಿಯೇ ಓದಿಕೊಳ್ಳಬೇಕು. ಹಿಂದಿನ ವರ್ಷ ಆಡಿದ ಅಣ್ಣಂದಿರ ಮಾತನ್ನು ನಂಬಿ ಕೂರಬಾರದು.

ಕೊನೆಯಲ್ಲಿ ಉಳಿದ ಟೋಕನ್‌ಗಳಿಗೆ ಅಂಕವಿದೆ. 2021ರ ಋತುವಿನಿಂದೀಚೆಗೆ ಅದರ ಪಟ್ಟಿ ಹೀಗಿದೆ:

ಆರು ಉಳಿದರೆ 50
ಐದು ಉಳಿದರೆ 50
ನಾಲ್ಕು ಉಳಿದರೆ 35
ಮೂರು ಉಳಿದರೆ 25
ಎರಡು ಉಳಿದರೆ 15
ಒಂದು ಉಳಿದರೆ 10
ಏನೂ ಉಳಿಯದಿದ್ದರೆ 0

ಈ ಪಟ್ಟಿಯನ್ನು ನಿಧಾನವಾಗಿ ನೋಡಿದರೆ ಗುಟ್ಟು ತಿಳಿಯುತ್ತದೆ. ಆರಕ್ಕೂ ಐದಕ್ಕೂ ಒಂದೇ ಅಂಕ. ಅಂದರೆ ಮೊದಲ ತಡೆಗೆ ಏನೂ ನಷ್ಟವಿಲ್ಲ. ಎರಡನೆಯ ತಡೆಗೆ 15, ಮೂರನೆಯದಕ್ಕೆ 10, ನಾಲ್ಕನೆಯದಕ್ಕೆ 10, ಐದನೆಯದಕ್ಕೆ 5, ಆರನೆಯದಕ್ಕೆ 10 ಅಂಕ ಕಳೆಯುತ್ತವೆ. ಎಲ್ಲ ದಂಡವೂ ಒಂದೇ ತೂಕದ್ದಲ್ಲ. ಟೋಕನ್‌ಗಳೆಲ್ಲ ಮುಗಿದ ಮೇಲೆ ಕಳೆದುಕೊಳ್ಳಲು ಟೋಕನ್ನೇ ಇರುವುದಿಲ್ಲ.

ಇದನ್ನು ತಿಳಿಯದ ಮಕ್ಕಳು ದಂಡವೆಂದರೆ ಅಪಮಾನವೆಂದು ಭಾವಿಸಿ, ದಾರಿ ತಪ್ಪಿದ ರೋಬೋಟ್ ಗೋಡೆಗೆ ತಲೆ ಗುದ್ದುತ್ತಾ ನಿಂತಿದ್ದರೂ ಮುಟ್ಟದೆ ಸಮಯ ಹಾಳುಮಾಡುತ್ತಾರೆ. ಲೆಕ್ಕ ಹಾಕಿ ನೋಡೋಣ. ತಂಡವು ಆಗಲೇ ಒಮ್ಮೆ ರೋಬೋಟನ್ನು ತಡೆದಿದೆ. ಈಗ ಮತ್ತೆ ಸಿಕ್ಕಿಕೊಂಡಿದೆ. 60 ಸೆಕೆಂಡು ಬಾಕಿ ಇದೆ. ಇನ್ನು ಮಾಡಬಹುದಾದ ಕಾರ್ಯದ ಬೆಲೆ 30 ಅಂಕ. ತಡೆದರೆ 15 ಅಂಕ ಹೋಗುತ್ತದೆ, ಕಾರ್ಯ ಕೈಗೂಡಿದರೆ 30 ಬರುತ್ತದೆ. 15 ಅಂಕ ಲಾಭ. ಆದರೆ ಆ ಕಾರ್ಯ ಅಭ್ಯಾಸದಲ್ಲಿ ಹತ್ತು ಬಾರಿಗೆ ನಾಲ್ಕು ಬಾರಿ ಮಾತ್ರ ಸರಿಯಾಗಿತ್ತು ಎಂದಾದರೆ ಸರಾಸರಿ ಫಲ 12 ಅಂಕ. 12ನ್ನು ನಂಬಿ 15ನ್ನು ಬಿಡುವುದು ಜಾಣತನವಲ್ಲ. ಎಂಟು ಬಾರಿ ಸರಿಯಾಗಿದ್ದರೆ ಸರಾಸರಿ 24. ಆಗ ಧೈರ್ಯವಾಗಿ ಕೈ ಹಾಕಬಹುದು. ಆದುದರಿಂದ ಅಭ್ಯಾಸದ ವೇಳೆ ಪ್ರತಿ ಕಾರ್ಯ ಎಷ್ಟು ಬಾರಿ ಗೆದ್ದಿತು, ಎಷ್ಟು ಬಾರಿ ಸೋತಿತು ಎಂದು ಒಂದು ನೋಟುಬುಕ್ಕಿನಲ್ಲಿ ಬರೆದಿಡಬೇಕು. ಆರನೆಯ ತರಗತಿಯ ಗಣಿತ ಇಷ್ಟಕ್ಕೆ ಸಾಕು.

ಆಟಕ್ಕೆ ಮೊದಲೇ ದೊರೆಯುವ 20 ಅಂಕ

ಆಟ ಶುರುವಾಗುವ ಮುನ್ನ ಸಲಕರಣೆಗಳ ತಪಾಸಣೆ ನಡೆಯುತ್ತದೆ. ರೋಬೋಟ್ ಮತ್ತು ಅದರ ಎಲ್ಲ ಜೋಡಣೆಗಳು ಒಂದೇ ಲಾಂಚ್ ಅಂಗಳದಲ್ಲಿ ಹಿಡಿಸಿ, ಎತ್ತರ 12 ಅಂಗುಲದೊಳಗಿದ್ದರೆ 20 ಅಂಕ ಸಿಗುತ್ತವೆ. ಅಭ್ಯಾಸದಲ್ಲಿ ಮಾತ್ರ ಬಳಸುವ ಹೆಚ್ಚಿನ ಬಿಡಿಭಾಗಗಳನ್ನು ಮೇಜಿಗೆ ತಂದು ಈ ಅಂಕವನ್ನು ಕಳೆದುಕೊಳ್ಳಬಾರದು.

ಮೂರು ಆಟ, ಒಂದು ಅಂಕ

ಪ್ರತಿ ತಂಡಕ್ಕೆ ಮೂರು ಅಧಿಕೃತ ಆಟಗಳಿರುತ್ತವೆ. ಅವುಗಳಲ್ಲಿ ಅತಿ ಹೆಚ್ಚಿನದು ಮಾತ್ರ ಗಣನೆಗೆ ಬರುತ್ತದೆ. ಸಮ ಬಂದರೆ ಎರಡನೆಯ ಹೆಚ್ಚಿನ ಅಂಕ, ಆಮೇಲೆ ಮೂರನೆಯದನ್ನು ನೋಡುತ್ತಾರೆ. ಒಂದು ಆಟ ಕೆಟ್ಟಿತೆಂದು ಮಕ್ಕಳು ಅಳಬೇಕಾಗಿಲ್ಲ, ಪಾಲಕರು ಗದರಬೇಕಾಗಿಯೂ ಇಲ್ಲ. ಮೊದಲ ಆಟದಲ್ಲಿ ಖಚಿತವಾದುದನ್ನು ಮಾಡಿ, ಮುಂದಿನ ಆಟಗಳಲ್ಲಿ ಕಠಿಣವಾದುದನ್ನು ಪ್ರಯತ್ನಿಸಬಹುದು. ರೋಬೋಟ್ ಆಟ ಒಟ್ಟು ಮೌಲ್ಯಮಾಪನದ ನಾಲ್ಕರಲ್ಲಿ ಒಂದು ಪಾಲು ಮಾತ್ರ ಎಂಬುದನ್ನೂ ಮರೆಯಬಾರದು. ರೋಬೋಟಿನ ವಿನ್ಯಾಸ, ಸಂಶೋಧನಾ ಯೋಜನೆ, ತಂಡದ ನಡವಳಿಕೆ ಇವು ಉಳಿದ ಮೂರು ಪಾಲು.

ಒಲಿಂಪಿಯಾಡಿನ ಬೇರೆ ದಾರಿ

ವರ್ಲ್ಡ್ ರೋಬೋಟ್ ಒಲಿಂಪಿಯಾಡಿನ ರೋಬೋಮಿಷನ್ ವಿಭಾಗದಲ್ಲಿ ತಂಡಕ್ಕೆ ಎರಡು ಅಥವಾ ಮೂರು ಮಕ್ಕಳು, ಒಂದು ಓಟಕ್ಕೆ ಎರಡು ನಿಮಿಷ. ಓಟ ಶುರುವಾಗುವ ಮುನ್ನ ರೋಬೋಟ್ ಉದ್ದ, ಅಗಲ, ಎತ್ತರಗಳಲ್ಲಿ 250 ಮಿಲಿಮೀಟರ್ ಮೀರುವಂತಿಲ್ಲ. ಮೈದಾನದಲ್ಲಿನ ಕೆಲವು ವಸ್ತುಗಳನ್ನು ಕದಲಿಸದೆ, ಕೆಡಿಸದೆ ಬಿಟ್ಟರೆ ಬೋನಸ್ ಅಂಕ ಕೊಡುವುದೂ ಉಂಟು. ಅಂಕ ಸಮವಾದರೆ ಓಟಕ್ಕೆ ತೆಗೆದುಕೊಂಡ ಸಮಯ ನಿರ್ಣಾಯಕವಾಗುತ್ತದೆ.

ನಮ್ಮ ಮಕ್ಕಳ ಮಟ್ಟಿಗೆ ಮುಖ್ಯವಾದುದು ‘ಸರ್‌ಪ್ರೈಸ್ ರೂಲ್’. ಸ್ಪರ್ಧೆಯ ದಿನ ಬೆಳಿಗ್ಗೆ ಹೊಸದೊಂದು ನಿಯಮವನ್ನು ಪ್ರಕಟಿಸುತ್ತಾರೆ. ತರಬೇತುದಾರರು ರೋಬೋಟ್ ಕಟ್ಟುವಂತಿಲ್ಲ, ಪ್ರೋಗ್ರಾಂ ಬರೆಯುವಂತಿಲ್ಲ. ಆ ನಿಯಮಕ್ಕೆ ತಕ್ಕ ಬದಲಾವಣೆಯನ್ನು ಮಕ್ಕಳೇ ಮಾಡಬೇಕು. ಗುರುಗಳು ಕನ್ನಡಕ್ಕೆ ತಿರುಗಿಸಿ ಹೇಳುವ ಭರವಸೆಯ ಮೇಲೆ ಹೋದ ತಂಡ ಇಲ್ಲಿ ಸಿಕ್ಕಿಬೀಳುತ್ತದೆ. ಆದ್ದರಿಂದ ನಿಯಮವನ್ನು ತಾವೇ ಓದುವ ಅಭ್ಯಾಸ ಮಕ್ಕಳಿಗೆ ಮೊದಲಿನಿಂದಲೂ ಆಗಬೇಕು. ಭಾಷಾಂತರದ ನೆರವು ದೊರೆಯುವುದೇ ಎಂದು ನೋಂದಣಿಯ ಹೊತ್ತಿಗೇ ಸಂಘಟಕರನ್ನು ಲಿಖಿತವಾಗಿ ಕೇಳುವುದು ಒಳಿತು. ಕೇಳುವುದರಲ್ಲಿ ಸಂಕೋಚವಿಲ್ಲ.

ಸಂದೇಹ ಬಂದಾಗ

ಲೆಗೋ ಲೀಗಿನಲ್ಲಿ ಚಿತ್ರಕ್ಕಿಂತ ಬರಹಕ್ಕೆ, ಬರಹಕ್ಕಿಂತ ಋತುವಿನ ನಡುವೆ ಪ್ರಕಟವಾಗುವ ತಿದ್ದುಪಡಿಗಳಿಗೆ ಹೆಚ್ಚಿನ ಮಾನ್ಯತೆ. ಪುಸ್ತಕವನ್ನು ಆಗಸ್ಟಿನಲ್ಲಿ ಮುದ್ರಿಸಿಕೊಂಡು ಮುಚ್ಚಿಟ್ಟರೆ ಸಾಲದು. ವಾರಕ್ಕೊಮ್ಮೆ ತಿದ್ದುಪಡಿ ಬಂದಿದೆಯೇ ಎಂದು ನೋಡಬೇಕು. ನಿಯಮದಲ್ಲಿ ಹೇಳದ ವಿವರಕ್ಕೆ ಮಹತ್ವವಿಲ್ಲ. ಸ್ಥಿತಿಯು ಹೀಗೂ ಹಾಗೂ ಕಾಣುವಷ್ಟು ಸೂಕ್ಷ್ಮವಾಗಿದ್ದರೆ ಸಂದೇಹದ ಲಾಭ ತಂಡಕ್ಕೆ ಸಲ್ಲುತ್ತದೆ.

ಆಟ ಮುಗಿದೊಡನೆ ಮೇಜಿನ ಮೇಲಿನ ಯಾವುದನ್ನೂ ಮುಟ್ಟಬಾರದು. ತೀರ್ಪುಗಾರರು ಮಕ್ಕಳ ಜತೆ ನಿಂತು ಒಂದೊಂದೇ ಕಾರ್ಯವನ್ನು ನೋಡಿ ಅಂಕ ಬರೆಯುತ್ತಾರೆ, ಮಕ್ಕಳ ಒಪ್ಪಿಗೆ ಪಡೆಯುತ್ತಾರೆ. ಆಕ್ಷೇಪಣೆಗೆ ಸಮಯ ಅದೊಂದೇ. ಒಪ್ಪಿ ಹೊರಬಂದ ಮೇಲೆ ಪಾಲಕರು ಎಷ್ಟು ವಾದಿಸಿದರೂ ಫಲವಿಲ್ಲ. ವಾದಿಸುವುದು ಸಭ್ಯತೆಯೂ ಅಲ್ಲ. ಕನ್ನಡ ಶಾಲೆಯ ಮಗು ಇಂಗ್ಲಿಷ್ ಬಾರದೆಂಬ ಹಿಂಜರಿಕೆಯಿಂದ ಅರ್ಥವಾಗದ ಅಂಕಪಟ್ಟಿಗೆ ತಲೆಯಾಡಿಸಿ ಬರುವುದೇ ನಿಜವಾದ ನಷ್ಟ. ‘ಸರ್, ಈ ಅಂಕ ಇನ್ನೊಮ್ಮೆ ನೋಡಿರಿ’ ಎಂದು ಹಿಂದಿಯಲ್ಲೋ ಮರಾಠಿಯಲ್ಲೋ ಕೇಳಿದರೂ, ಬೆರಳು ತೋರಿಸಿ ನಿಯಮದ ಸಂಖ್ಯೆ ಹೇಳಿದರೂ ಸಾಕು.

ಮನೆಯಲ್ಲಿ ಮಾಡಬಹುದಾದುದು

ಪಾಲಕರಿಗೆ ರೋಬೋಟ್ ತಿಳಿಯಬೇಕಾಗಿಲ್ಲ. ದಿನಕ್ಕೆ ಒಂದು ಕಾರ್ಯದ ನಿಯಮವನ್ನು ಮಗುವಿನಿಂದ ಕನ್ನಡದಲ್ಲಿ ಹೇಳಿಸಿರಿ. ಅದಕ್ಕೆ ಎಷ್ಟು ಅಂಕ, ಷರತ್ತು ಯಾವುದು, ಯಾವಾಗ ಎಣಿಸುತ್ತಾರೆ ಎಂದು ಕೇಳಿರಿ. ಮಗು ತಡವರಿಸಿದ ಜಾಗದಲ್ಲಿಯೇ ಗೊಂದಲವಿದೆ. ಅದನ್ನು ಬರೆದು ಮರುದಿನ ಗುರುಗಳಿಗೆ ಒಪ್ಪಿಸಿರಿ. ತಂಡದಲ್ಲಿ ಒಬ್ಬ ವಿದ್ಯಾರ್ಥಿಯನ್ನು ನಿಯಮದ ಹೊಣೆಗೆಂದೇ ನೇಮಿಸಿ, ಪ್ರತಿ ಅಭ್ಯಾಸದ ಕೊನೆಯಲ್ಲಿ ಅವನೋ ಅವಳೋ ತೀರ್ಪುಗಾರನಾಗಿ ಅಂಕ ಹಾಕುವಂತೆ ಮಾಡಿರಿ. ತನ್ನ ಭಾಷೆಯಲ್ಲಿ ನಿಯಮವನ್ನು ವಿವರಿಸಬಲ್ಲ ಮಗು ಯಾವ ಭಾಷೆಯ ತೀರ್ಪುಗಾರರ ಮುಂದೆಯೂ ತಲೆತಗ್ಗಿಸುವುದಿಲ್ಲ.